ಎಡಗಾಲಿನ ವಿದ್ಯೆ ಎಲ್ಲರಿಗೂ ಬೇಕೆ?

ಪರ್ಸಿನಲ್ಲಿರುವ ಚಾಲನಾ ಪರವಾನಗಿಯನ್ನು ಒಮ್ಮೆ ಹೊರತೆಗೆದು ನೋಡಿ. ದ್ವಿಚಕ್ರ ವಾಹನಕ್ಕೆ ಸಂಬಂಧಿಸಿದ ಕಡೆ ‘ಗೇರ್ ಇರುವ’ ಅಥವಾ ‘ಗೇರ್ ಇಲ್ಲದ’ ಮೋಟಾರ್ ಸೈಕಲ್ ಎಂಬುದನ್ನು ಸೂಚಿಸುವ ಸಂಕೇತಾಕ್ಷರಗಳಿರುತ್ತವೆ. ಕಾರಿನ ವಿಷಯಕ್ಕೆ ಬಂದರೆ ‘ಎಲ್‌ಎಂವಿ’, ಅಂದರೆ ಲಘು ಮೋಟಾರು ವಾಹನ ಎಂಬ ಮೂರಕ್ಷರಗಳಷ್ಟೇ. ಆ ಕಾರಿಗೆ ಕ್ಲಚ್ ಇತ್ತೇ, ಗೇರ್ ಬದಲಿಸುವುದು ನಿಮಗೆ ಬರುತ್ತದೆಯೇ ಎಂಬುದನ್ನು ಆ ಕಾರ್ಡು ಹೇಳುವುದಿಲ್ಲ. ಸ್ಕೂಟರ್ ಓಡಿಸುವವನ ಬಗ್ಗೆ ಇಷ್ಟು ವಿಚಾರಿಸುವ ಕಾನೂನು, ಅದಕ್ಕಿಂತ ಹಲವು ಪಟ್ಟು ಭಾರದ, ಹಲವು ಪಟ್ಟು ಅಪಾಯಕಾರಿಯಾದ ವಾಹನದ ವಿಷಯದಲ್ಲಿ ಮೌನ ವಹಿಸಿದೆ.

ಈ ಮೌನಕ್ಕೆ ಕಾರಣವಿದೆ. 1988ರ ಮೋಟಾರು ವಾಹನಗಳ ಕಾಯ್ದೆ ರೂಪುಗೊಂಡಾಗ ನಮ್ಮ ರಸ್ತೆಗಳಲ್ಲಿದ್ದ ಕಾರುಗಳೆಂದರೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮತ್ತು 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800. ಕಾರು ಎಂದರೆ ಗೇರ್ ಕಾರೇ ಆಗಿದ್ದ ಕಾಲ ಅದು. ಸ್ಕೂಟರಿನಲ್ಲಿ ಮಾತ್ರ ಹೊಸ ಗಾಳಿ ಬೀಸಿತ್ತು. 1984ರಲ್ಲಿ ಬಂದ ಕೈನೆಟಿಕ್ ಹೋಂಡಾ, ಎಡಗೈ ತಿರುಚಿ ಗೇರ್ ಹಾಕುವ ಕಷ್ಟವನ್ನು ತಪ್ಪಿಸಿತ್ತು. ಆದ್ದರಿಂದಲೇ ಕಾಯ್ದೆಯ 10ನೇ ಕಲಮು ಮೋಟಾರ್ ಸೈಕಲ್ಲುಗಳನ್ನು ಎರಡಾಗಿ ವಿಂಗಡಿಸಿತು. ಕಾರನ್ನು ಒಂದಾಗಿಯೇ ಉಳಿಸಿತು. ಅಂದು ಅದು ಸರಿಯಾಗಿಯೇ ಇತ್ತು. ಇಂದು ಹಾಗಿಲ್ಲ.

2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಅಗ್ಗದ ಸ್ವಯಂಚಾಲಿತ ಗೇರ್ ವ್ಯವಸ್ಥೆ ಮಧ್ಯಮ ವರ್ಗದ ಕೈಗೆಟುಕಿತು. ಅದುವರೆಗೆ ಸಿರಿವಂತರ ಸೌಕರ್ಯವೆನಿಸಿದ್ದ ಆಟೊಮ್ಯಾಟಿಕ್ ಕಾರು ಅಲ್ಲಿಂದ ಮುಂದೆ ಬ್ಯಾಂಕ್ ನೌಕರರ, ಶಿಕ್ಷಕರ, ನಿವೃತ್ತರ ಮನೆಯಂಗಳಕ್ಕೂ ಬಂತು. ಅದರ ಹಿಂದೆಯೇ ವಿದ್ಯುತ್ ಕಾರುಗಳು ಬಂದವು. ಅವುಗಳಲ್ಲಿ ಕ್ಲಚ್ಚೇ ಇಲ್ಲ. ವಿದ್ಯುತ್ ಕಾರಿನ ವಿಷಯದಲ್ಲಿ ಬೆಂಗಳೂರಿಗೆ ಒಂದು ಹಿರಿಮೆಯೂ ಇದೆ. 2001ರಲ್ಲಿ ಇಲ್ಲಿ ರೂಪುಗೊಂಡ ‘ರೇವಾ’ ಎಂಬ ಪುಟ್ಟ ಕಾರು, ಎಡಗಾಲಿಗೆ ಕೆಲಸವಿಲ್ಲದೆಯೂ ಊರು ಸುತ್ತಬಹುದೆಂಬುದನ್ನು ಆಗಲೇ ತೋರಿಸಿತ್ತು.

ಇದರಿಂದಾಗಿ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಹೊಸ ಪ್ರಶ್ನೆ ಎದ್ದಿದೆ. ಹದಿನೆಂಟು ತುಂಬಿದ ಮಗಳನ್ನು ಚಾಲನಾ ಶಾಲೆಗೆ ಸೇರಿಸುವಾಗ ಯಾವ ಕಾರಿನಲ್ಲಿ ಕಲಿಸಬೇಕು? ‘ಮನೆಯಲ್ಲಿರುವುದೇ ಆಟೊಮ್ಯಾಟಿಕ್, ಇವಳಿಗೇಕೆ ಕ್ಲಚ್ಚಿನ ಗೋಳು’ ಎನ್ನುತ್ತಾರೆ ತಾಯಿ. ‘ಗೇರ್ ಕಾರು ಬಾರದವರಿಗೆ ಕಾರೇ ಬರುವುದಿಲ್ಲ’ ಎನ್ನುತ್ತಾರೆ ತಂದೆ. ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ. ಆದರೆ ಇದು ಮನೆಯೊಳಗೆ ಮುಗಿದುಹೋಗುವ ಚರ್ಚೆಯಲ್ಲ. ರಸ್ತೆ ಎಲ್ಲರದ್ದು. ಅಲ್ಲಿ ಒಬ್ಬರ ಅರೆ ಕಲಿಕೆಯ ಬೆಲೆಯನ್ನು ಇನ್ನೊಬ್ಬರು ತೆರಬೇಕಾಗುತ್ತದೆ.

ಮೊದಲಿಗೆ ಗೇರ್ ಕಾರಿನ ಪರವಾದ ವಾದಗಳನ್ನು ಪರಿಶೀಲಿಸೋಣ. ಅವುಗಳಲ್ಲಿ ಕೆಲವು ಕೇವಲ ಅಭಿಮಾನದ ಮಾತುಗಳು. ಗೇರ್ ಹಾಕುವವನೇ ನಿಜವಾದ ಚಾಲಕ, ಉಳಿದವರು ಆಟಿಕೆ ನಡೆಸುವವರು ಎಂಬ ಧೋರಣೆಯನ್ನು ಗಂಭೀರವಾಗಿ ಪರಿಗಣಿಸಬೇಕಿಲ್ಲ. ಹಿಂದಿನ ತಲೆಮಾರಿನ ಲಾರಿ ಚಾಲಕರು ಗೇರ್ ಇಳಿಸುವಾಗ ಎರಡು ಬಾರಿ ಕ್ಲಚ್ ತುಳಿದು, ನಡುವೆ ಎಂಜಿನ್ನಿನ ವೇಗ ಏರಿಸಿ, ಹಲ್ಲಿಗೆ ಹಲ್ಲು ಕೂಡಿಸುತ್ತಿದ್ದರು. ಆ ಕೌಶಲವನ್ನು ಅನಗತ್ಯವಾಗಿಸಿದ ಸಿಂಕ್ರೋಮೆಶ್ ವ್ಯವಸ್ಥೆ 1928ರಲ್ಲೇ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಇಂದು ಗೇರ್ ಕಾರಿನ ಹೆಮ್ಮೆ ಮೆರೆಯುವವರಲ್ಲಿ ಎಷ್ಟು ಮಂದಿಗೆ ಆ ಹಳೆಯ ವಿದ್ಯೆ ಗೊತ್ತಿದೆ? ಯಂತ್ರ ವಹಿಸಿಕೊಂಡ ಕೆಲಸವನ್ನು ಮನುಷ್ಯ ಮರೆಯುತ್ತಾನೆ. ಮರೆತದ್ದೆಲ್ಲವೂ ನಷ್ಟವಲ್ಲ.

ಆದರೆ ಅಭಿಮಾನವನ್ನು ಬದಿಗಿಟ್ಟ ಮೇಲೂ ಉಳಿಯುವ ವಾದಗಳಿವೆ. ಒಂದು, ಸರಳ ವಾಸ್ತವ. ಭಾರತದ ರಸ್ತೆಗಳಲ್ಲಿ ಓಡುತ್ತಿರುವ ಕಾರುಗಳಲ್ಲಿ ಬಹುಪಾಲು ಇನ್ನೂ ಗೇರ್ ಕಾರುಗಳೇ. ಅಮೆರಿಕದಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಗೇರ್ ಕಾರುಗಳ ಪ್ರಮಾಣ ನೂರರಲ್ಲಿ ಒಂದೆರಡರ ಆಸುಪಾಸಿಗೆ ಇಳಿದಿದೆ. ಅಲ್ಲಿನವರು ಕ್ಲಚ್ ಕಲಿಯದಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ. ನಮ್ಮ ಸ್ಥಿತಿ ಬೇರೆ. ಇಲ್ಲಿ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಗಳ ಅವಧಿಯದು. ಬಳಿಕ ನವೀಕರಣಕ್ಕೂ ಅವಕಾಶವಿದೆ. 2025ರಲ್ಲಿ ನೋಂದಣಿಯಾದ ಗೇರ್ ಕಾರೊಂದು 2040ರವರೆಗೆ ರಸ್ತೆಯಲ್ಲಿರುತ್ತದೆ. ನಾಳೆ ಎಲ್ಲವೂ ವಿದ್ಯುತ್ ಕಾರುಗಳಾಗುತ್ತವೆ ಎನ್ನುವವರ ‘ನಾಳೆ’ ಅಷ್ಟು ಹತ್ತಿರದಲ್ಲಿಲ್ಲ.

ಎರಡನೆಯದು ಜೀವನೋಪಾಯದ ಪ್ರಶ್ನೆ. ಇದನ್ನು ಮಧ್ಯಮ ವರ್ಗದ ಚರ್ಚೆಗಳು ಸಾಮಾನ್ಯವಾಗಿ ಮರೆಯುತ್ತವೆ. ನಮಗೆ ಕಾರು ಸೌಕರ್ಯ. ಹಳ್ಳಿಯಿಂದ ಬಂದು ನಗರದಲ್ಲಿ ಸ್ಟಿಯರಿಂಗ್ ಹಿಡಿಯುವ ಯುವಕನಿಗೆ ಅದು ಅನ್ನ. ಸರಕು ಸಾಗಿಸುವ ಸಣ್ಣ ಗಾಡಿ, ಟ್ಯಾಕ್ಸಿ, ಶಾಲಾ ವಾಹನ, ಮನೆಗೆ ಬಂದು ಕಾರು ಓಡಿಸಿಕೊಡುವ ಬದಲಿ ಚಾಲಕನ ಕೆಲಸ– ಇವುಗಳಲ್ಲಿ ಗೇರ್ ಬಾರದು ಎಂದವನನ್ನು ಕೆಲಸಕ್ಕೆ ಇಟ್ಟುಕೊಳ್ಳುವವರು ವಿರಳ. ಅಂಥವನಿಗೆ ಆಟೊಮ್ಯಾಟಿಕ್ ಕಾರಿನಲ್ಲಷ್ಟೇ ಕಲಿಸಿ ಕಾರ್ಡು ಕೊಡುವುದು ಉಪಕಾರವಲ್ಲ.

ಮೂರನೆಯದು ಘಟ್ಟದ ಪಾಠ. ನಮ್ಮ ರಾಜ್ಯದಲ್ಲಿ ಕರಾವಳಿಗೂ ಬಯಲಿಗೂ ನಡುವೆ ಪಶ್ಚಿಮ ಘಟ್ಟದ ಗೋಡೆಯಿದೆ. ಶಿರಾಡಿ, ಚಾರ್ಮಾಡಿ, ಹುಲಿಕಲ್, ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ– ಇವನ್ನು ಇಳಿಯುವವನಿಗೆ ಗೇರ್ ಎಂದರೆ ವೇಗ ಪಡೆಯುವ ಸಾಧನವಷ್ಟೇ ಅಲ್ಲ, ವೇಗವನ್ನು ಹಿಡಿದಿಡುವ ಸಾಧನವೂ ಹೌದು. ಎರಡನೇ ಗೇರಿನಲ್ಲಿ ಇಳಿಯುವ ಕಾರನ್ನು ಎಂಜಿನ್ನೇ ಹಿಂದಕ್ಕೆ ಎಳೆದು ನಿಧಾನಗೊಳಿಸುತ್ತದೆ. ಬ್ರೇಕಿನ ಮೇಲೆ ಹೊರೆ ಕಡಿಮೆಯಾಗುತ್ತದೆ. ಬ್ರೇಕನ್ನೇ ಒತ್ತುತ್ತಾ ಇಳಿದರೆ ಅದರ ಘರ್ಷಣೆಯ ಬಿಸಿ ಹೆಚ್ಚುತ್ತಾ ಹೋಗಿ, ಹಿಡಿತ ಕುಗ್ಗಿ, ಕೊನೆಗೆ ಪೆಡಲ್ ತುಳಿದರೂ ಕಾರು ನಿಲ್ಲದ ಸ್ಥಿತಿ ಒದಗಬಹುದು. ಪೆಟ್ರೋಲ್ ಉಳಿಸುವ ಆಸೆಯಿಂದ ನ್ಯೂಟ್ರಲ್‌ನಲ್ಲಿ ಗಾಡಿ ಬಿಡುವವರು ಈ ಅಪಾಯವನ್ನು ತಾವೇ ಆಹ್ವಾನಿಸುತ್ತಾರೆ. ಬೆಂಗಳೂರಿನಿಂದ ಉದಕಮಂಡಲಕ್ಕೆ ಹೋಗುವವರಿಗೆ ಮಸಿನಗುಡಿಯ ಆಚೆ ಸಿಗುವ ಕಲ್ಹಟ್ಟಿ ಘಟ್ಟದ ಮೂವತ್ತಾರು ತಿರುವುಗಳ ದಾರಿಯಲ್ಲಿ, ಕಡಿಮೆ ಗೇರಿನಲ್ಲೇ ಚಲಿಸಿ ಎಂಬ ಎಚ್ಚರಿಕೆ ಫಲಕಗಳಿರುವುದು ಅಲಂಕಾರಕ್ಕಲ್ಲ.

ಗೇರ್ ಕಾರಿನಲ್ಲಿ ಕಲಿತವನಿಗೆ ಈ ತತ್ವ ಕಾಲಿನ ಮೂಲಕವೇ ತಿಳಿಯುತ್ತದೆ. ಎಂಜಿನ್ ಯಾವಾಗ ಏದುಸಿರು ಬಿಡುತ್ತಿದೆ, ಯಾವಾಗ ಸಲೀಸಾಗಿದೆ ಎಂಬುದು ಅವನ ಕಿವಿಗೆ ಗೊತ್ತಾಗುತ್ತದೆ. ಮುಂದಿನ ವಾಹನದ ನಡೆಯನ್ನು ಊಹಿಸಿ ಮೊದಲೇ ಗೇರ್ ಇಳಿಸುವ ಅಭ್ಯಾಸದಿಂದ ದೂರದೃಷ್ಟಿಯೂ ಬೆಳೆಯುತ್ತದೆ. ಇದು ಗೇರ್ ಕಾರಿನ ಪರವಾದ ಅತ್ಯಂತ ಬಲವಾದ ವಾದ. ಅದನ್ನು ಒಪ್ಪಿಕೊಂಡೇ ಇನ್ನೊಂದು ಮುಖವನ್ನು ನೋಡಬೇಕು.

ಆಟೊಮ್ಯಾಟಿಕ್ ಕಾರಿನಲ್ಲೂ ಇಳಿಜಾರಿಗೆಂದೇ ವ್ಯವಸ್ಥೆಯಿದೆ. ಗೇರ್ ಸನ್ನೆಯ ಪಕ್ಕದಲ್ಲಿ ‘ಎಲ್’, ‘2’ ಅಥವಾ ‘ಎಂ’ ಎಂಬ ಗುರುತುಗಳಿರುತ್ತವೆ. ವಿದ್ಯುತ್ ಕಾರಿನಲ್ಲಾದರೆ, ಇಳಿಯುವಾಗ ಮೋಟಾರೇ ಜನರೇಟರಿನಂತೆ ತಿರುಗಿ, ಕಾರನ್ನು ತಡೆಯುತ್ತಾ ಬ್ಯಾಟರಿಗೆ ವಿದ್ಯುತ್ತನ್ನೂ ಹಿಂದಿರುಗಿಸುತ್ತದೆ. ಸಾಧನ ಇಲ್ಲವೆಂಬುದಲ್ಲ ಸಮಸ್ಯೆ. ಅದನ್ನು ಯಾರೂ ಕಲಿಸುವುದಿಲ್ಲ ಎಂಬುದು ಸಮಸ್ಯೆ. ವರ್ಷಗಟ್ಟಲೆ ಆಟೊಮ್ಯಾಟಿಕ್ ಕಾರು ಓಡಿಸಿಯೂ ‘ಡಿ’ಯನ್ನು ಬಿಟ್ಟು ಬೇರೆ ಅಕ್ಷರವನ್ನು ಮುಟ್ಟದವರು ಎಷ್ಟೋ ಮಂದಿ ಇದ್ದಾರೆ. ಅವರ ಕೊರತೆ ಕ್ಲಚ್ ಬಾರದಿರುವುದಲ್ಲ. ತಮ್ಮ ಕಾರನ್ನೇ ಪೂರ್ತಿ ಅರಿಯದಿರುವುದು.

ಇನ್ನು ನಗರದ ಮಾತು. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಸಂಚಾರ ಸಮೀಕ್ಷೆ ನಡೆಸುವ ಟಾಮ್‌ಟಾಮ್ ಸಂಸ್ಥೆಯ ಪ್ರಕಾರ 2022ರಲ್ಲಿ ಇಲ್ಲಿನ ನಗರ ಕೇಂದ್ರದಲ್ಲಿ ಹತ್ತು ಕಿಲೊಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗಿತ್ತು. ಆ ಪಟ್ಟಿಯಲ್ಲಿ ಲಂಡನ್ನಿನ ನಂತರದ ಸ್ಥಾನ ನಮ್ಮದು. ಸಿಲ್ಕ್ ಬೋರ್ಡ್ ವೃತ್ತದಲ್ಲೋ ಹೆಬ್ಬಾಳದ ಮೇಲ್ಸೇತುವೆಯಲ್ಲೋ ಸಂಜೆಯ ಹೊತ್ತು ಸಿಲುಕಿಕೊಂಡವರಿಗೆ ಕ್ಲಚ್ ತುಳಿದು ಬಿಟ್ಟು, ತುಳಿದು ಬಿಟ್ಟು ಮೊಣಕಾಲು ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ಏರಿನಲ್ಲಿ ತೂಗಾಡಿಸಿ ನಿಲ್ಲಿಸುವುದನ್ನು ಜಾಣತನವೆಂದುಕೊಂಡವರು ಕ್ಲಚ್ ಪ್ಲೇಟನ್ನು ಸುಟ್ಟುಕೊಳ್ಳುತ್ತಾರೆ. ಇಲ್ಲಿ ಆಟೊಮ್ಯಾಟಿಕ್ ಬೇಕೆನ್ನುವವರನ್ನು ಸೋಮಾರಿಗಳೆಂದು ಜರೆಯುವುದು ಅನ್ಯಾಯ. ಸಾರ್ವಜನಿಕ ಸಾರಿಗೆಯೇ ಇದನ್ನು ಮೊದಲು ಅರಿತುಕೊಂಡಿತು. 2006ರಲ್ಲಿ ಬೆಂಗಳೂರಿನ ರಸ್ತೆಗಿಳಿದ ವೋಲ್ವೊ ನಗರ ಬಸ್ಸುಗಳು ಸ್ವಯಂಚಾಲಿತ ಗೇರಿನವೇ ಆಗಿದ್ದವು.

ಇದಕ್ಕಿಂತ ಮುಖ್ಯವಾದದ್ದು, ಯಾರು ಚಾಲಕರಾಗಬಲ್ಲರು ಎಂಬ ಪ್ರಶ್ನೆ. ಎಡಗಾಲಿನಲ್ಲಿ ಶಕ್ತಿಯಿಲ್ಲದವರಿಗೆ, ಮಂಡಿನೋವಿನ ಹಿರಿಯರಿಗೆ, ಐವತ್ತರ ನಂತರ ಮೊದಲ ಬಾರಿಗೆ ಸ್ಟಿಯರಿಂಗ್ ಹಿಡಿಯುವ ಮಹಿಳೆಗೆ ಆಟೊಮ್ಯಾಟಿಕ್ ಕಾರು ಐಷಾರಾಮವಲ್ಲ. ಮತ್ತೊಬ್ಬರ ಹಂಗಿಲ್ಲದೆ ಆಸ್ಪತ್ರೆಗೆ, ಮಾರುಕಟ್ಟೆಗೆ, ಮಗಳ ಮನೆಗೆ ಹೋಗಿಬರುವ ಸ್ವಾತಂತ್ರ್ಯ. ಗೇರ್‌ಲೆಸ್ ಸ್ಕೂಟರುಗಳು ಈ ನಾಡಿನ ಹೆಣ್ಣುಮಕ್ಕಳಿಗೆ ಏನು ಮಾಡಿದವು ಎಂಬುದನ್ನು ನೆನೆಯಬೇಕು. ಕಾಲೇಜಿಗೆ, ಕಚೇರಿಗೆ, ಬ್ಯಾಂಕಿಗೆ ತಾವೇ ಹೋಗಿಬರುವ ಒಂದು ತಲೆಮಾರು ಆ ಸ್ಕೂಟರುಗಳ ಮೇಲೆ ರೂಪುಗೊಂಡಿತು. ಮೊದಲು ಬಜಾಜ್ ಚೇತಕ್ ಕಲಿತು ಬನ್ನಿ, ಆಮೇಲೆ ಇದನ್ನು ಮುಟ್ಟಿ ಎಂದು ಕಾನೂನು ಅಂದು ಅವರಿಗೆ ಷರತ್ತು ಹಾಕಲಿಲ್ಲ. ಬೇರೆ ವರ್ಗದ ಪರವಾನಗಿ ಕೊಟ್ಟಿತು, ದಾರಿ ಬಿಟ್ಟಿತು.

ಹಾಗಾದರೆ ಎಲ್ಲರೂ ಗೇರ್ ಕಾರು ಕಲಿಯಲೇಬೇಕೆಂದು ಕಡ್ಡಾಯ ಮಾಡುವುದು ಸರಿಯೇ? ಸರಿಯಲ್ಲ ಎಂಬುದು ನಮ್ಮ ನಿಲುವು. ಕಲಿಯಬಲ್ಲವರು ಕಲಿಯುವುದು ಒಳ್ಳೆಯದು, ಅದರಲ್ಲೂ ಹದಿಹರೆಯ ದಾಟಿದ ಯುವಕ ಯುವತಿಯರು ಗೇರ್ ಕಾರಿನಲ್ಲೇ ಆರಂಭಿಸುವುದು ಇಂದಿನ ಭಾರತದಲ್ಲಿ ವಿವೇಕದ ನಿರ್ಧಾರ. ಆದರೆ ವಿವೇಕವನ್ನು ಸಲಹೆಯಾಗಿ ಕೊಡಬಹುದೇ ಹೊರತು ಕಾನೂನಿನ ಬಲದಿಂದ ಹೇರಲಾಗದು. ಕಾನೂನಿನ ಕೆಲಸ ಬೇರೆ. ಯಾರಿಗೆ ಏನು ಬರುತ್ತದೆ ಎಂಬುದನ್ನು ಪರೀಕ್ಷಿಸಿ, ಪರೀಕ್ಷಿಸಿದಷ್ಟಕ್ಕೆ ಮಾತ್ರ ಅನುಮತಿ ನೀಡುವುದು ಅದರ ಕೆಲಸ. ಈ ಕೆಲಸದಲ್ಲೇ ನಮ್ಮ ವ್ಯವಸ್ಥೆ ಎಡವಿರುವುದು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮವನ್ನು ಓದಿದರೆ ಈ ಎಡವಟ್ಟು ಸ್ಪಷ್ಟವಾಗುತ್ತದೆ. ಚಾಲನಾ ಪರೀಕ್ಷೆಯಲ್ಲಿ ಅಭ್ಯರ್ಥಿ ಏನೇನು ಮಾಡಿ ತೋರಿಸಬೇಕೆಂದು ಅದು ವಿವರವಾಗಿ ಪಟ್ಟಿ ಮಾಡಿದೆ. ಒಂದೊಂದೇ ಗೇರ್ ಬದಲಿಸುತ್ತಾ ಕೊನೆಯ ಗೇರಿನವರೆಗೆ ಹೋಗಬೇಕು. ಸಂದರ್ಭಕ್ಕೆ ತಕ್ಕಂತೆ ಬೇಗನೆ ಕೆಳಗಿನ ಗೇರಿಗೆ ಬರಬೇಕು. ಇಳಿಜಾರಿನಲ್ಲಿ ಗೇರ್ ಇಳಿಸಬೇಕು. ಕಡಿದಾದ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಬೇಕು. ಅಂದರೆ ನಿಯಮದ ಕಣ್ಣಿನಲ್ಲಿ ಕಾರು ಎಂದರೆ ಗೇರ್ ಕಾರೇ. ಕಾಯ್ದೆಯ ಕಣ್ಣಿನಲ್ಲಾದರೋ ಕಾರುಗಳ ನಡುವೆ ಭೇದವೇ ಇಲ್ಲ. ಇವೆರಡರ ನಡುವಿನ ಸಂದಿನಲ್ಲಿ, ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಮುಗಿಸಿದವರೂ ಗೇರ್ ಕಾರಿನ ಅಧಿಕೃತ ಚಾಲಕರಾಗಿ ಹೊರಬರುತ್ತಾರೆ. ನೆರೆಯ ಕೇರಳದಲ್ಲಿ 2024ರ ಫೆಬ್ರುವರಿಯ ಸುತ್ತೋಲೆಯೊಂದು ಕಾರಿನ ಪರೀಕ್ಷೆಗೆ ಆಟೊಮ್ಯಾಟಿಕ್ ಹಾಗೂ ವಿದ್ಯುತ್ ವಾಹನಗಳನ್ನು ತರಬಾರದೆಂದು ಹೇಳಿತು. ಆ ಸುತ್ತೋಲೆಯ ಪರೀಕ್ಷಾ ಸುಧಾರಣೆಗಳು ಚಾಲನಾ ಶಾಲೆಗಳ ಪ್ರತಿಭಟನೆಗೆ ಗುರಿಯಾದವು, ನ್ಯಾಯಾಲಯದ ಮೆಟ್ಟಿಲನ್ನೂ ಏರಿದವು. ಮೂಲ ಕಾಯ್ದೆಯ ಗೊಂದಲವನ್ನು ಸುತ್ತೋಲೆಯಿಂದ ಬಗೆಹರಿಸಲಾಗದು ಎಂಬುದಕ್ಕೆ ಇದೇ ನಿದರ್ಶನ.

ಗೊಂದಲದ ತೀವ್ರತೆ ಇಷ್ಟಕ್ಕೇ ನಿಲ್ಲುವುದಿಲ್ಲ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ನೀಡಿದ ತೀರ್ಪಿನ ಪ್ರಕಾರ, ಲಘು ಮೋಟಾರು ವಾಹನದ ಪರವಾನಗಿ ಹೊಂದಿದವರು 7,500 ಕಿಲೊ ತೂಕದ ಮಿತಿಯೊಳಗಿನ ಸಾರಿಗೆ ವಾಹನವನ್ನೂ ಪ್ರತ್ಯೇಕ ಅನುಮತಿಯಿಲ್ಲದೆ ಓಡಿಸಬಹುದು. ಬಡ ಚಾಲಕರ ಜೀವನೋಪಾಯ ಮತ್ತು ವಿಮಾ ಪರಿಹಾರದ ದೃಷ್ಟಿಯಿಂದ ಇದು ಸ್ವಾಗತಾರ್ಹ ತೀರ್ಪು. ಆದರೆ ಅದನ್ನು ನಮ್ಮ ಪರೀಕ್ಷಾ ಪದ್ಧತಿಯ ಪಕ್ಕದಲ್ಲಿಟ್ಟು ನೋಡಿ. ಪುಟ್ಟ ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಪಾಸಾದ, ಜೀವಮಾನದಲ್ಲಿ ಒಮ್ಮೆಯೂ ಕ್ಲಚ್ ಮುಟ್ಟದ ವ್ಯಕ್ತಿ, ಹಾಳೆಯ ಮೇಲಾದರೂ, ಸರಕು ತುಂಬಿದ ಏಳು ಟನ್ನಿನ ಗೇರ್ ವಾಹನವನ್ನು ಚಾರ್ಮಾಡಿ ಘಟ್ಟದಲ್ಲಿ ಇಳಿಸಲು ಅರ್ಹ. ಅದೇ ವ್ಯಕ್ತಿ ಗೇರ್‌ಲೆಸ್ ಸ್ಕೂಟರಿನ ಪರವಾನಗಿಯಲ್ಲಿ ಗೇರ್ ಇರುವ ಬೈಕು ಓಡಿಸಿದರೆ ಮಾತ್ರ ಅಪರಾಧ! ಇಂಥ ವಿಪರ್ಯಾಸವನ್ನು ಸಮರ್ಥಿಸುವುದು ಹೇಗೆ?

ಬೇರೆ ದೇಶಗಳು ಇದನ್ನು ಹೇಗೆ ನಿಭಾಯಿಸಿವೆ? ಬ್ರಿಟನ್ನಿನಲ್ಲಿ ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟವರಿಗೆ ಆಟೊಮ್ಯಾಟಿಕ್‌ಗಷ್ಟೇ ಸೀಮಿತವಾದ ಪರವಾನಗಿ ಸಿಗುತ್ತದೆ. ಗೇರ್ ಕಾರಿನಲ್ಲಿ ಪಾಸಾದವರು ಎರಡನ್ನೂ ಓಡಿಸಬಹುದು. ಜಪಾನ್ 1991ರಲ್ಲೇ ‘ಆಟೊಮ್ಯಾಟಿಕ್ ಮಾತ್ರ’ ಎಂಬ ಷರತ್ತಿನ ಪರವಾನಗಿಯನ್ನು ಜಾರಿಗೆ ತಂದಿತು. ಆ ಷರತ್ತನ್ನು ತೆಗೆಸಲು ಬಯಸುವವರು ಚಾಲನಾ ಶಾಲೆಯಲ್ಲಿ ಕೆಲವೇ ಗಂಟೆಗಳ ತರಬೇತಿ ಪಡೆದು ಪರೀಕ್ಷೆ ಕೊಟ್ಟರೆ ಸಾಕು. ಜರ್ಮನಿಯದು ಇನ್ನೂ ಜಾಣ ಉಪಾಯ. ಅಲ್ಲಿ 2021ರ ಏಪ್ರಿಲ್‌ನಿಂದ, ಗೇರ್ ಕಾರಿನಲ್ಲಿ ಕನಿಷ್ಠ ಹತ್ತು ಪಾಠ ಕಲಿತು, ಶಾಲೆಯಲ್ಲೇ ಹದಿನೈದು ನಿಮಿಷಗಳ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ಅಂತಿಮ ಸರ್ಕಾರಿ ಪರೀಕ್ಷೆಯನ್ನು ಆಟೊಮ್ಯಾಟಿಕ್ ಕಾರಿನಲ್ಲಿ ಕೊಟ್ಟರೂ ಎರಡೂ ಬಗೆಯ ಕಾರುಗಳಿಗೆ ಪರವಾನಗಿ ಪಡೆಯುತ್ತಾರೆ. ಚಾಲನಾ ಶಾಲೆಗಳು ವಿದ್ಯುತ್ ಕಾರುಗಳನ್ನು ಬಳಸಲು ಹಿಂಜರಿಯಬಾರದೆಂಬುದು ಅದರ ಒಂದು ಉದ್ದೇಶ. ಈ ಮೂರೂ ದೇಶಗಳು ಯಾರನ್ನೂ ಗೇರ್ ಕಲಿಯಲೇಬೇಕೆಂದು ಒತ್ತಾಯಿಸಲಿಲ್ಲ. ಕಲಿಯದವರನ್ನು ಕಲಿತವರೆಂದು ಕರೆಯಲೂ ಇಲ್ಲ.

ಜಪಾನಿನಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ, ಕಹಿಯಾದದ್ದು. ಆಟೊಮ್ಯಾಟಿಕ್ ಕಾರು ಸುಲಭ ಎಂಬುದು ನಿಜ, ಆದರೆ ಸುಲಭವಾದದ್ದೆಲ್ಲ ಸುರಕ್ಷಿತವಲ್ಲ. 2019ರ ಏಪ್ರಿಲ್‌ನಲ್ಲಿ ಟೋಕಿಯೊದ ಇಕೆಬುಕುರೊ ಪ್ರದೇಶದಲ್ಲಿ ಎಂಬತ್ತು ದಾಟಿದ ಚಾಲಕರೊಬ್ಬರ ಕಾರು ಏಕಾಏಕಿ ವೇಗ ಪಡೆದು ನುಗ್ಗಿ, ತಾಯಿ ಮತ್ತು ಪುಟ್ಟ ಮಗಳು ಪ್ರಾಣ ಕಳೆದುಕೊಂಡರು. ಬ್ರೇಕ್ ಎಂದುಕೊಂಡು ಆಕ್ಸಿಲರೇಟರನ್ನು ತುಳಿದದ್ದೇ ಕಾರಣವೆಂದು ನ್ಯಾಯಾಲಯ ತೀರ್ಮಾನಿಸಿತು. ಸುರಕ್ಷಾ ಸಾಧನಗಳಿರುವ ಕಾರುಗಳಿಗಷ್ಟೇ ಸೀಮಿತವಾದ ಪರವಾನಗಿಯನ್ನು ಜಪಾನ್ 2022ರಲ್ಲಿ ಜಾರಿಗೆ ತಂದ ಹಿನ್ನೆಲೆಯಲ್ಲಿ ಇಂಥ ಅಪಘಾತಗಳಿದ್ದವು. ಗೇರ್ ಕಾರಿನಲ್ಲಿ ಗಾಬರಿಗೊಂಡವನು ಸಾಮಾನ್ಯವಾಗಿ ಕ್ಲಚ್ಚನ್ನೂ ಒತ್ತುತ್ತಾನೆ. ಆಗ ಎಂಜಿನ್ ಅಬ್ಬರಿಸಿದರೂ ಚಕ್ರಕ್ಕೆ ಬಲ ತಲುಪದು. ಆಟೊಮ್ಯಾಟಿಕ್‌ನಲ್ಲಿ ಆ ತಡೆಯಿಲ್ಲ. ಆದ್ದರಿಂದ ಬಲಗಾಲೊಂದನ್ನೇ ಎರಡೂ ಪೆಡಲುಗಳಿಗೆ ಬಳಸುವುದು, ಎಡಗಾಲನ್ನು ಸುಮ್ಮನಿರಿಸುವುದು, ಬ್ರೇಕ್ ಬಿಟ್ಟೊಡನೆ ಕಾರು ತಾನಾಗಿ ತೆವಳುವುದನ್ನು ನಿರೀಕ್ಷಿಸುವುದು– ಇವೆಲ್ಲ ಕಲಿಯಲೇಬೇಕಾದ ಪಾಠಗಳು. ನಮ್ಮಲ್ಲಿ ಇವನ್ನು ಕಲಿಸಲು ಪಠ್ಯವೂ ಇಲ್ಲ, ಪರೀಕ್ಷಿಸಲು ಕ್ರಮವೂ ಇಲ್ಲ. ಗೇರ್ ಕಾರಿನಲ್ಲಿ ಕಲಿತು ಬಳಿಕ ಆಟೊಮ್ಯಾಟಿಕ್ ಕೊಂಡ ಅನುಭವಿಗಳೇ ಇಲ್ಲದ ಕ್ಲಚ್ ಹುಡುಕಿ ಬ್ರೇಕನ್ನು ಎಡಗಾಲಿನಿಂದ ಬಲವಾಗಿ ತುಳಿದು ಗಾಬರಿಯಾಗುವುದುಂಟು. ಗೇರ್ ಬಲ್ಲವನಿಗೆ ಎಲ್ಲವೂ ಬರುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ.

ಇಲ್ಲೊಂದು ಆಕ್ಷೇಪವನ್ನು ನಿರೀಕ್ಷಿಸಬಹುದು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಬಹುಪಾಲು ಸಾವುಗಳಿಗೆ ಅತಿವೇಗವೇ ಕಾರಣವೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. ಕ್ಲಚ್ ಬಾರದೆ ಸತ್ತವರೆಷ್ಟು? ಇಂಥ ದೇಶದಲ್ಲಿ ಕಾರ್ಡಿನ ಮೇಲೆ ಇನ್ನೊಂದು ಅಕ್ಷರ ಸೇರಿಸುವುದರಿಂದ ಏನು ಪ್ರಯೋಜನ? ಅದರಿಂದ ಮಧ್ಯವರ್ತಿಗಳಿಗೆ ಇನ್ನೊಂದು ಶುಲ್ಕ ಸಿಗುತ್ತದೆ, ಅಷ್ಟೇ. ಈ ಆಕ್ಷೇಪದಲ್ಲಿ ಹುರುಳಿದೆ. ಚಾಲನಾ ಶಾಲೆಯಲ್ಲಿ ಖಾಸಗಿ ವಾಹನದ ತರಬೇತಿ ಕನಿಷ್ಠ 21 ದಿನ ನಡೆಯಬೇಕು, ಅದರಲ್ಲಿ ಹತ್ತು ಗಂಟೆಗಳಾದರೂ ನಿಜವಾದ ಚಾಲನೆ ಇರಬೇಕು ಎಂಬ ನಿಯಮ ದಶಕಗಳಿಂದ ಇದೆ. ಅದು ಎಷ್ಟರಮಟ್ಟಿಗೆ ಪಾಲನೆಯಾಗುತ್ತಿದೆ ಎಂಬುದನ್ನು ಓದುಗರು ತಮ್ಮ ನೆನಪನ್ನೇ ಕೇಳಿಕೊಳ್ಳಲಿ. ಬೆಳಗಿನ ಅರ್ಧ ಗಂಟೆಯಲ್ಲಿ ಮೂವರು ಸರದಿಯಂತೆ ಸ್ಟಿಯರಿಂಗ್ ಹಿಡಿದು, ಪಕ್ಕದಲ್ಲಿ ಕುಳಿತ ಗುರುಗಳೇ ತಮ್ಮ ಕಾಲಬಳಿಯ ಜೋಡಿ ಪೆಡಲುಗಳಿಂದ ಕ್ಲಚ್ಚೂ ಬ್ರೇಕೂ ನಿಭಾಯಿಸಿ, ‘ಚೆನ್ನಾಗಿ ಓಡಿಸ್ತೀರಿ’ ಎಂದು ಬೆನ್ನು ತಟ್ಟಿ ಕಳುಹಿಸುವುದನ್ನು ತರಬೇತಿ ಎನ್ನಲಾಗದು. ಗೇರ್ ಕಾರಿನಲ್ಲೇ ಕಲಿತೆವೆಂದು ಹೇಳುವ ನಮ್ಮಲ್ಲಿ ಹಲವರಿಗೆ ನಿಜವಾಗಿ ಕ್ಲಚ್ ಒಲಿದದ್ದು ಪರವಾನಗಿ ಬಂದ ಮೇಲೆ, ಯಾವುದೋ ಮೇಲ್ಸೇತುವೆಯ ಏರಿನಲ್ಲಿ ಹಿಂದಿನ ವಾಹನಗಳ ಹಾರ್ನ್ ಕೇಳುತ್ತಾ ಬೆವರಿದಾಗ.

ಆದರೆ ವ್ಯವಸ್ಥೆ ಸಡಿಲವಾಗಿದೆ ಎಂಬುದು ಅದನ್ನು ಇನ್ನಷ್ಟು ಅಸ್ಪಷ್ಟವಾಗಿಡಲು ಕಾರಣವಾಗಬಾರದು. ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗಾಗಿ 2021ರಲ್ಲಿ ಬಂದ ನಿಯಮಗಳು ಲಘು ವಾಹನಕ್ಕೆ ನಾಲ್ಕು ವಾರಗಳಲ್ಲಿ 29 ಗಂಟೆಗಳ ಪಾಠ, ಅಭ್ಯಾಸಗಳನ್ನು ವಿಧಿಸಿವೆ. ಸ್ವಯಂಚಾಲಿತ ಪರೀಕ್ಷಾ ಪಥಗಳಲ್ಲಿ ಸಂವೇದಕಗಳೂ ಕ್ಯಾಮೆರಾಗಳೂ ಅಭ್ಯರ್ಥಿಯ ತಪ್ಪನ್ನು ದಾಖಲಿಸಬಲ್ಲವು. ಬಿಗಿಗೊಳಿಸುವ ಸಾಧನಗಳು ಒಂದೊಂದಾಗಿ ಬರುತ್ತಿರುವಾಗ, ಏನನ್ನು ಅಳೆಯಬೇಕೆಂಬುದೂ ಸ್ಪಷ್ಟವಾಗಿರಬೇಕಲ್ಲವೇ?

ಆಗಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ. ಮೊದಲನೆಯದಾಗಿ, ಕಾಯ್ದೆಯ 10ನೇ ಕಲಮಿನಲ್ಲಿ ಮೋಟಾರ್ ಸೈಕಲ್ಲಿಗೆ ಇರುವಂತೆಯೇ ಲಘು ವಾಹನಕ್ಕೂ ಗೇರ್ ಇರುವ, ಗೇರ್ ಇಲ್ಲದ ಎಂಬ ಎರಡು ವರ್ಗಗಳು ಬರಲಿ. ಯಾವ ಕಾರಿನಲ್ಲಿ ಪರೀಕ್ಷೆ ನಡೆಯಿತೋ ಆ ವರ್ಗದ ಅನುಮತಿ ಸಿಗಲಿ. ಗೇರ್ ಕಾರಿನಲ್ಲಿ ಪಾಸಾದವರಿಗೆ ಎರಡೂ ಇರಲಿ. ಈಗಾಗಲೇ ಪರವಾನಗಿ ಹೊಂದಿರುವ ಕೋಟ್ಯಂತರ ಜನರನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸುವ ಅಗತ್ಯವಿಲ್ಲ. ಎರಡನೆಯದಾಗಿ, ಒಂದು ವರ್ಗದಿಂದ ಇನ್ನೊಂದಕ್ಕೆ ಹೋಗುವ ದಾರಿ ಚಿಕ್ಕದೂ ಅಗ್ಗವೂ ಆಗಿರಲಿ. ಹತ್ತು ಪಾಠ, ಒಂದು ಪರೀಕ್ಷೆ– ಅಷ್ಟು ಸಾಕು. ಮೂರನೆಯದಾಗಿ, ಬಾಡಿಗೆಗೋ ಸರಕು ಸಾಗಣೆಗೋ ಗೇರ್ ವಾಹನ ಓಡಿಸುವವರು ಗೇರ್ ವಾಹನದಲ್ಲೇ ಪರೀಕ್ಷೆ ಕೊಟ್ಟಿರಬೇಕೆಂಬ ಷರತ್ತಿರಲಿ. ನಾಲ್ಕನೆಯದಾಗಿ, ಆಟೊಮ್ಯಾಟಿಕ್ ಕಾರಿನ ಪರೀಕ್ಷೆಗೆ ಅದರದ್ದೇ ಆದ ಪಟ್ಟಿ ಸಿದ್ಧವಾಗಲಿ. ಪೆಡಲುಗಳ ಶಿಸ್ತು, ಇಳಿಜಾರಿನಲ್ಲಿ ಕೆಳಗಿನ ಗೇರಿನ ಬಳಕೆ, ಏರಿನಲ್ಲಿ ಹ್ಯಾಂಡ್‌ಬ್ರೇಕಿನ ಸಹಾಯ– ಇವು ಅದರಲ್ಲಿರಲಿ. ಆಟೊಮ್ಯಾಟಿಕ್ ಪರೀಕ್ಷೆ ಎಂದರೆ ಅರ್ಧ ಪರೀಕ್ಷೆ ಎಂಬಂತಾಗಬಾರದು.

ಹೆತ್ತವರಿಗೂ ಒಂದು ಮಾತು. ಮಕ್ಕಳಿಗೆ ವಯಸ್ಸಿದೆ, ಸಮಯವಿದೆ ಎಂದಾದರೆ ಗೇರ್ ಕಾರಿನಲ್ಲೇ ಕಲಿಸಿ. ಮೊದಲ ವಾರ ಕಾರು ಎಷ್ಟು ಸಲ ಆಫ್ ಆದರೂ ಆಗಲಿ. ಎಲ್ಲೋ ಬೇರೆ ಊರಿನಲ್ಲಿ, ಗೆಳತಿಗೆ ಹುಷಾರಿಲ್ಲದ ರಾತ್ರಿ, ಸಿಕ್ಕ ಒಂದೇ ಕಾರು ಗೇರಿನದಾಗಿದ್ದರೆ ಆ ಕಲಿಕೆ ಉಪಯೋಗಕ್ಕೆ ಬಂದೀತು. ಆದರೆ ನಿಮ್ಮ ಅರವತ್ತರ ಅಕ್ಕ ಆಟೊಮ್ಯಾಟಿಕ್ ಕಾರು ಕಲಿಯುತ್ತೇನೆಂದರೆ ನಗಬೇಡಿ. ಒಳ್ಳೆಯ ಗುರುವನ್ನು ಹುಡುಕಿಕೊಡಿ. ಇಬ್ಬರೂ ಚೆನ್ನಾಗಿಯೇ ಕಲಿಯಬೇಕು ಎಂಬುದಷ್ಟೇ ಮುಖ್ಯ.

ಕ್ಲಚ್ ಇನ್ನೊಂದು ತಲೆಮಾರಿನಲ್ಲಿ ವಸ್ತು ಸಂಗ್ರಹಾಲಯ ಸೇರಬಹುದು. ಅಲ್ಲಿಯವರೆಗೆ ಗೇರ್ ಇರುವ ಕಾರೂ ಇಲ್ಲದ ಕಾರೂ ಒಂದೇ ರಸ್ತೆಯಲ್ಲಿ ಓಡುತ್ತಿರುತ್ತವೆ. ಎಲ್ಲರಿಗೂ ಎಲ್ಲವೂ ಬರಬೇಕಿಲ್ಲ. ಬಾರದ್ದನ್ನು ಬರುತ್ತದೆಂದು ಸರ್ಕಾರವೇ ಮುದ್ರೆ ಒತ್ತಿ ಕೊಡುವುದು ಮಾತ್ರ ನಿಲ್ಲಬೇಕು. ಪರ್ಸಿನಲ್ಲಿರುವ ಆ ಕಾರ್ಡು, ಕೊನೆಯಪಕ್ಷ ಅದನ್ನು ಹೊತ್ತವರ ಬಗ್ಗೆ, ನಿಜವನ್ನು ಹೇಳುವಂತಾಗಲಿ.